ಕೈ ಎತ್ತಿಸಿ ಅಳತೆ ತೆಗೆಯುವವಳು

ಬೆಳಕು ಹರಿಯುವ ಮೊದಲೇ ಹಮೀದುನ್ನೀಸಾ ಒಲೆಯ ಬೂದಿ ತೆಗೆದು, ಹಂಡೆಗೆ ನೀರು ತುಂಬಿ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿ, ರೊಟ್ಟಿ ತಟ್ಟಿ, ಜೀಪು ರಿಪೇರಿ ಮಾಡುವ ಗಂಡ ಇಲಿಯಾಸನ ಗ್ರೀಸು ಮೆತ್ತಿದ ಅಂಗಿ ಒಗೆದು ಹರವಿ, ಕೊನೆಗೆ ತನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಈ ಕೊನೆಯ ಕೆಲಸವೊಂದನ್ನು ಮಾತ್ರ ಅವಸರವಿಲ್ಲದೆ ಮಾಡುತ್ತಿದ್ದಳು.

ಎಪ್ಪತ್ತರ ದಶಕದ ಕಳಸದಲ್ಲಿ ಆ ಕೈಯಂತ್ರವನ್ನು ಕಾಣದವರು ಕಡಿಮೆ. ತಾಯಿಯಿಂದ ಬಂದದ್ದು, ಕಮಾನು ಮುಚ್ಚಳದ ಮರದ ಪೆಟ್ಟಿಗೆಯಲ್ಲಿ ಕೂರುವಂಥದ್ದು. ಕಪ್ಪು ಮೈಯ ಮೇಲಿನ ಚಿನ್ನದ ಬಳ್ಳಿ ಅವಳ ಅಂಗೈ ತಾಗುವ ಕಡೆ ಮಾತ್ರ ಅಳಿಸಿಹೋಗಿತ್ತು. ಅದನ್ನು ಬಲಗೈಯಲ್ಲಿ ತೂಗಿಕೊಂಡು, ಎಡಕ್ಕೆ ವಾಲಿ, ಕಾಫಿ ಎಸ್ಟೇಟಿನ ಕೂಲಿಯವರು ಸಾಲಾಗಿ ವಾಸವಿದ್ದ ಲೈನ್‌ಮನೆಗಳತ್ತ ಅವಳು ನಡೆಯುವುದನ್ನು ಕಂಡಾಗಲೆಲ್ಲ, ಹೊಲಿಯಬೇಕಾದ ರವಿಕೆಗಳೇ ಇವಳಲ್ಲಿಗೆ ಬರಬಾರದೇ ಎಂದು ನನಗೆ ಕುತೂಹಲ.

ಉತ್ತರ ಸಿಕ್ಕಿದ್ದು ನಾನೂ ಹೊಲಿಸಿಕೊಂಡ ದಿನ. ಪೇಟೆಯ ಟೈಲರಿಗೆ ಹೆಂಗಸರು ಅಳತೆಗೆಂದು ಹಳೆಯ ರವಿಕೆ ಕೊಡುತ್ತಿದ್ದರು. ಹಳೆಯದರ ಬಿಗಿತ ಹೊಸದಕ್ಕೂ ಇಳಿಯುತ್ತಿತ್ತು. ಹಮೀದುನ್ನೀಸಾ ಹಳೆಯದನ್ನು ಮುಟ್ಟುತ್ತಲೇ ಇರಲಿಲ್ಲ. "ಹಣ್ಣು ಕೊಯ್ಯೋ ಹಾಗೆ ಕೈ ಎತ್ತಿ ನೋಡುವ" ಎಂದು ಕಾಫಿ ಕೊಯ್ಯುವವಳನ್ನು ನಿಲ್ಲಿಸಿ ಟೇಪು ಹಿಡಿಯುತ್ತಿದ್ದಳು. ಕಂಕುಳಿಗೆ ಹೆಚ್ಚಿನದೊಂದು ತುಂಡು ಬಟ್ಟೆ ಸೇರಿಸುತ್ತಿದ್ದಳು.

"ನೀವು ಎಂತ ಕೆಲಸ ಮಾಡ್ತೀರಿ?" ಎಂದು ನನ್ನನ್ನು ಕೇಳಿದಳು. ಬರೆಯುತ್ತೇನೆ ಎಂದೆ.

"ಹಾಗಾದ್ರೆ ಬಗ್ಗಿ."

ಬಗ್ಗಿಸಿಯೇ ಬೆನ್ನಿನ ಅಳತೆ ತೆಗೆದಳು.

ಒಂದು ವರ್ಷ ಇಲಿಯಾಸ್ ಪ್ರೀತಿಯಿಂದಲೇ ಚಿಕ್ಕಮಗಳೂರಿನಿಂದ ಕಾಲಿನಲ್ಲಿ ತುಳಿಯುವ ಸ್ಟ್ಯಾಂಡು ತಂದ. ಯಂತ್ರದ ಹಿಡಿಕೆ ಕಳಚಿ, ಅದನ್ನು ಸ್ಟ್ಯಾಂಡಿಗೆ ಬಿಗಿದ. "ಹೊತ್ತು ತಿರುಗೋದು ಸಾಕು ಮಾರಾಯ್ತಿ. ಇನ್ನು ಕೈ ಎರಡೂ ಬಿಡುವು."

ಬಿಡುವಾದ ಕೈಗಳು ಮನೆಯವರ ಕಣ್ಣಿಗೆ ಬೇಗ ಬಿದ್ದವು. "ಕಾಲಲ್ಲಿ ತಾನೆ ಹೊಲಿಯೋದು, ಇದಿಷ್ಟು ಸುಲಿದುಬಿಡು" ಎಂದು ಅತ್ತೆ ಅವರೆಯ ಬುಟ್ಟಿಯನ್ನು ಪಕ್ಕಕ್ಕೆ ತಂದಿಟ್ಟರು. ಗ್ಯಾರೇಜಿಗೆ ಬಂದವರಿಗೆಲ್ಲ ಚಹಾ ಅವಳದೇ. ಕೂಲಿ ಬಿಟ್ಟು ಕಳಸದವರೆಗೆ ಬರಲಾರದ ಲೈನಿನ ಹೆಂಗಸರು ಜೀಪಿನವರ ಕೈಲಿ ಹಳೆಯ ರವಿಕೆ ಕಳಿಸತೊಡಗಿದರು. ಬೇರೆ ದಾರಿಯಿಲ್ಲದೆ ಅದೇ ಅಳತೆಗೆ ಹೊಲಿದಳು.

ಕೊಯ್ಲಿನ ನಡುವೆ ಒಂದು ಸಂತೆಯ ದಿನ ಜಾವಳಿಯ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ತಂಗಮ್ಮ ಬಂದು, ಕಂಕುಳಲ್ಲಿ ಹರಿದ ಹೊಸ ರವಿಕೆಯನ್ನು ಅವಳ ಮಡಿಲಿಗೆ ಹಾಕಿದಳು. "ನೀನೂ ಅಂಗಡಿ ಟೈಲರ್ ಆದೆಯಲ್ಲ ಹಮೀದಾ. ಚೆಂದ ಉಂಟು, ಕೈ ಎತ್ತಬಾರದು ಅಷ್ಟೆ."

ಹಮೀದುನ್ನೀಸಾ ಹರಿದ ಕಂಕುಳಿನೊಳಗೆ ಬೆರಳು ತೂರಿಸಿ ನೋಡಿದಳು. ಮರುದಿನ ಬೆಳಗಿನ ಕೆಲಸವೆಲ್ಲ ಮುಗಿದ ಮೇಲೆ, ಯಾರನ್ನೂ ಕೇಳದೆ, ಇಲಿಯಾಸನದೇ ಸ್ಕ್ರೂಡ್ರೈವರ್ ಹಿಡಿದು ಯಂತ್ರವನ್ನು ಸ್ಟ್ಯಾಂಡಿನಿಂದ ಬಿಡಿಸಿದಳು. ಹಿಡಿಕೆ ಮತ್ತೆ ಜೋಡಿಸಿ ಪೆಟ್ಟಿಗೆಯೊಳಗಿಟ್ಟು, ಸುಲಿಯದ ಅವರೆಯ ಬುಟ್ಟಿಯನ್ನು ಖಾಲಿ ಸ್ಟ್ಯಾಂಡಿನ ಮೇಲೇರಿಸಿ, ಜಾವಳಿಯ ಕಡೆಯ ಮೊದಲ ಬಸ್ಸು ಹತ್ತಿದಳು.

ಹೊರುವ ಭಾರವನ್ನು ತಾವೇ ಆರಿಸಿಕೊಳ್ಳುವ ಇಂಥ ಹೆಂಗಸರಿಗೆ ಮನೆಯಲ್ಲಿ ಹಟಮಾರಿ ಎಂದು ಹೆಸರು. ಲೈನ್‌ಮನೆಗಳಲ್ಲಿ, ಬಂದಳು ಎಂದಷ್ಟೇ.