ಸಂಖ್ಯೆ ಅವರದು, ಪಟ್ಟಿ ನಮ್ಮದು

ಜನವರಿಯಲ್ಲಿ ರಾಜಧಾನಿ ಒಟ್ಟಾವಾದ ಕೇಂದ್ರ ಸರ್ಕಾರದಿಂದ ಬಂದ ಪತ್ರ ಅರ್ಧ ಪುಟವೂ ಇರಲಿಲ್ಲ. ಕಾಯಂ ನೆಲೆಗೆ ಪ್ರಾಂತ್ಯ ತಾನೇ ಆರಿಸಿ ಹೆಸರು ಕಳಿಸಬಹುದಾದ ವಲಸಿಗರ ಸಂಖ್ಯೆ ಈ ವರ್ಷ ಅರ್ಧಕ್ಕೆ ಇಳಿದಿತ್ತು. ಅಂದಿನಿಂದ ಲೋರ್ನಾ ಪೆನ್ನರ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಅರ್ಜಿದಾರರಿಗೆ ಅಂಕ ಹಾಕಿ, ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ನಿಯಮ ಬರೆಯುವವಳು ಪ್ರಾಂತ್ಯದ ವಲಸೆ ಕಚೇರಿಯಲ್ಲಿ ಅವಳೇ. ಫೋನ್ ಬಂದರೆ ಎದ್ದು, ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಮಾತಾಡುತ್ತಿದ್ದಳು. ಎಲ್ಲರಿಗೂ ಒಂದೇ ಉತ್ತರ: "ಏನ್ ಮಾಡೋದು ಹೇಳಿ, ಒಟ್ಟಾವಾದವ್ರು ಜಾಗ ಕೊಟ್ಟಿಲ್ಲ."

ಹ್ಯಾರೋಬಿ ಊರಿನ ವೃದ್ಧಾಶ್ರಮದವರು ವಾರಕ್ಕೆ ಎರಡು ಸಲ ಕರೆ ಮಾಡುತ್ತಿದ್ದರು. ಅಲ್ಲಿ ಮುದುಕರ ಆರೈಕೆಗಿದ್ದ ಫಿಲಿಪೀನ್ಸ್‌ನ ನೋರ್ಮಿತಾ ಕಬಾಂಗ್‌ಳ ಕೆಲಸದ ಪರವಾನಗಿ ಮೇ ತಿಂಗಳಿಗೆ ಮುಗಿಯುವುದಿತ್ತು. ಅವಳ ಹೆಸರು ಪಟ್ಟಿಯಲ್ಲಿ ಕೆಳಗೆಲ್ಲೋ ಸಿಕ್ಕಿಕೊಂಡಿತ್ತು.

ಫೆಬ್ರವರಿಯಲ್ಲಿ ಒಟ್ಟಾವಾದ ಅಧಿಕಾರಿ ಬೆನ್ವಾ ಶಾರ್ಲ್‌ಬ್ವಾ ಸಭೆಗೆಂದು ಬಂದ. ಆರು ವರ್ಷ ಫೋನಿನಲ್ಲಿ ಜಗಳವಾಡಿದ ಪರಿಚಯ. ಮರುದಿನ ಬೆಳಿಗ್ಗೆ ಲೋರ್ನಾ ಅವನ ಹೋಟೆಲಿನ ಮುಂದೆ ಕಾರು ನಿಲ್ಲಿಸಿ, "ಹತ್ತಿ, ಒಂದೂರು ತೋರಿಸ್ತೀನಿ," ಎಂದಳು.

"ನನ್ನನ್ನ ಹಿಮದಲ್ಲಿ ಹೂತು ಬರೋ ಯೋಚನೆಯಾ?"

"ಹೂತ್ರೆ ಇನ್ನೊಬ್ರನ್ನ ಕಳಿಸ್ತಾರೆ. ಏನು ಲಾಭ?"

ಎರಡೂವರೆ ಗಂಟೆಯ ದಾರಿ. ಎರಡೂ ಕಡೆ ಬೆಳ್ಳಗೆ ಹಾಸಿದ ಬಯಲು. ದೊಡ್ಡ ಊರುಗಳಲ್ಲಿ ಬಾಡಿಗೆ ಮನೆ ಸಿಗುತ್ತಿಲ್ಲ, ಜನ ಸಾಕು ಅನ್ನುತ್ತಿದ್ದಾರೆ ಎಂದು ಅವನು ಹೇಳಿದ. ಇಲ್ಲಿ ಮನೆಗಳಿವೆ, ಜನರೇ ಇಲ್ಲ ಎಂದು ಅವಳು ಹೇಳಿದಳು. ಇಬ್ಬರದೂ ನಿಜವೇ ಆಗಿದ್ದರಿಂದ ವಾದ ಎಲ್ಲಿಗೂ ಮುಟ್ಟಲಿಲ್ಲ.

ವೃದ್ಧಾಶ್ರಮದ ಊಟದ ಕೋಣೆಯಲ್ಲಿ ನೋರ್ಮಿತಾ ಒಬ್ಬ ಅಜ್ಜಿಗೆ ಬೀಟ್‌ರೂಟ್ ಸೂಪು ಕುಡಿಸುತ್ತಿದ್ದಳು. "ಇನ್ನೊಂದೇ ಚಮಚ ಅಜ್ಜಿ. ನಿನ್ನೆ ನನಗೆ ಮಾತು ಕೊಟ್ಟಿದ್ರಿ." ಅಜ್ಜಿ ಬಾಯಿ ತೆರೆದಳು. ಲೋರ್ನಾ ತಮ್ಮಿಬ್ಬರ ಗುರುತು ಹೇಳಿದಾಗ ನೋರ್ಮಿತಾ ಚಮಚ ಕೆಳಗಿಡಲಿಲ್ಲ.

"ಒಳ್ಳೇದಾಯ್ತು, ಇಬ್ರೂ ಒಟ್ಟಿಗೇ ಸಿಕ್ಕಿದ್ರಿ. ಒಂದು ಕೇಳ್ಲಾ ಮೇಡಂ? ನನ್ನನ್ನ ಬೇಡ ಅಂದಿದ್ದು ನೀವಾ, ಇವ್ರಾ?"

"ಎಷ್ಟು ಜನ ಅನ್ನೋದನ್ನ ಒಟ್ಟಾವಾ ಹೇಳುತ್ತೆ," ಎಂದಳು ಲೋರ್ನಾ.

"ಯಾರು ಅನ್ನೋದನ್ನ ಪ್ರಾಂತ್ಯ ಆರಿಸುತ್ತೆ," ಎಂದ ಬೆನ್ವಾ.

ನೋರ್ಮಿತಾ ಅಜ್ಜಿಯ ಗಲ್ಲ ಒರೆಸಿದಳು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಾಗಾಯ್ತು. ಹೋಗ್ಲಿ ಬಿಡಿ. ಸೂಪು ಬಿಸಿ ಇದೆ, ಕುಡ್ಕೊಂಡು ಹೋಗಿ."

ಕುಡಿದರು.

ವಾಪಸು ಬರುವಾಗ ಲೋರ್ನಾ ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಲೇ ಇದ್ದಳು. ಕೊನೆಗೆ ಬೆನ್ವಾನೇ ಬಾಯಿಬಿಟ್ಟ. "ಅವ್ರ ಅಂಕ ಯಾಕೆ ಅಷ್ಟು ಕಮ್ಮಿ?"

"ನಲವತ್ತೆಂಟು ವಯಸ್ಸು. ನಲವತ್ತೈದು ದಾಟಿದ್ರೆ ಅಂಕ ಇಳಿಯುತ್ತೆ."

"ಆ ನಿಯಮ ನಮ್ಮದಲ್ಲ."

"ಗೊತ್ತು." ಸ್ವಲ್ಪ ದೂರ ಹೋದ ಮೇಲೆ ಅವಳು ಮತ್ತೆ ಹೇಳಿದಳು: "ನಾನೇ ಬರ್ದಿದ್ದು."

"ಸಂಖ್ಯೆ ಏರಿಸೋದು ನನ್ನ ಕೈಲಿಲ್ಲ ಲೋರ್ನಾ. ಸುಳ್ಳು ಆಸೆ ಕೊಡಲ್ಲ."

"ನಾನು ಕೇಳ್ಲಿಲ್ವಲ್ಲ."

ತಿಂಗಳಿಡೀ ಎಲ್ಲರಿಗೂ ಒಟ್ಟಾವಾದ ಕಡೆ ಬೆರಳು ತೋರಿಸಿದ್ದಳು. ಆ ಬೆರಳಿನ ಹಿಂದೆ ತಾನು ಎಷ್ಟು ಹಾಯಾಗಿ ನಿಂತಿದ್ದೆ ಎಂಬುದು ಈಗ ತಿಳಿಯಿತು.

ಮುಂದಿನ ಹತ್ತು ದಿನ ಅವಳು ನಿಯಮ ತಿದ್ದಿದಳು, ಹರಿದಳು, ಮತ್ತೆ ಬರೆದಳು. ಸಣ್ಣ ಊರುಗಳ ಆರೈಕೆ ಕೆಲಸಗಾರರಿಗೆಂದು ಇನ್ನೂರು ಜಾಗ ಬೇರೆ ಇಟ್ಟು, ಅಲ್ಲಿ ವಯಸ್ಸಿನ ಅಂಕ ತೆಗೆದುಹಾಕಿದಳು. ಆ ಇನ್ನೂರು ಎಲ್ಲಿಂದಲೋ ಉದುರುವುದಿಲ್ಲ. ವೆಲ್ಡರ್‌ಗಳ, ಟ್ರಕ್ ಚಾಲಕರ ಪಾಲಿನಿಂದ ಕಡಿಯಬೇಕಾಯಿತು. ಮೇಲಧಿಕಾರಿ ಕಾಗದ ಓದಿ, "ಬೈಗುಳ ಯಾರು ತಿಂತಾರೆ?" ಎಂದ.

"ನನ್ನ ನಂಬರ್ ಕೊಡಿ," ಎಂದಳು.

ಏಪ್ರಿಲ್‌ನಲ್ಲಿ ನೋರ್ಮಿತಾಳ ಹೆಸರು ಒಟ್ಟಾವಾಕ್ಕೆ ಹೋಯಿತು. ವೃದ್ಧಾಶ್ರಮದಿಂದ ಒಂದು ಧನ್ಯವಾದದ ಕಾರ್ಡು ಬಂತು. ಲೋರ್ನಾ ಅದನ್ನು ಪೂರ್ತಿ ಓದುವ ಮೊದಲೇ ಫೋನ್ ಹೊಡೆದುಕೊಂಡಿತು. ಉತ್ತರದ ಗಣಿ ಊರಿನ ವೆಲ್ಡರ್ ಒಬ್ಬ. ನಾಲ್ಕು ವರ್ಷದಿಂದ ಅಲ್ಲೇ ಇದ್ದವನು, ಮಗಳು ಅಲ್ಲಿನ ಶಾಲೆಯಲ್ಲೇ ಓದುತ್ತಿದ್ದಳು. ಹೋದ ತಿಂಗಳವರೆಗೆ ಪಟ್ಟಿಯಲ್ಲಿದ್ದ ಹೆಸರು ಈಗಿಲ್ಲ.

"ಒಟ್ಟಾವಾದವ್ರು ತೆಗೆದ್ರಾ ಮೇಡಂ?" ಎಂದು ಕೇಳಿದ.

ಹೌದು ಎಂದುಬಿಟ್ಟಿದ್ದರೆ ಅವನು ನಂಬುತ್ತಿದ್ದ.

"ಇಲ್ಲ ಸರ್. ನಾನು ತೆಗೆದೆ," ಎಂದಳು ಲೋರ್ನಾ. "ಯಾಕೆ ಅಂತ ಹೇಳ್ತೀನಿ. ನಿಮಗೆ ಸಮಯ ಇದೆಯಾ?"

ಆ ಕಡೆಯಿಂದ ಕುರ್ಚಿ ಎಳೆದುಕೊಂಡು ಕೂತ ಶಬ್ದ ಕೇಳಿಸಿತು.