ಇಬ್ಬರು ಭಾಗವ್ವಂದಿರು, ಒಂದೇ ನಂಬರು

ಲಗ್ಗೆರೆಯಿಂದ ಕೆಂಗೇರಿಯವರೆಗೆ ನನ್ನಂಥ ಕಂಪ್ಯೂಟರ್ ಪಂಡಿತ ಇನ್ನೊಬ್ಬನಿರಲಿಲ್ಲ. ೨೦೦೪ರಲ್ಲಿ ಗುಜರಿಯಿಂದ ತಂದ ಮೂರು ಪುಟ್ಟ ಕಂಪ್ಯೂಟರುಗಳನ್ನು ಟೆಲಿಫೋನ್ ತಂತಿಯಲ್ಲಿ ಪೋಣಿಸಿ, ಲಗ್ಗೆರೆ, ಹೇರೋಹಳ್ಳಿ, ಹೊಸಹಳ್ಳಿಯ ಮೂರು ಕ್ಲಿನಿಕ್ಕುಗಳ ರೋಗಿಗಳನ್ನು ಒಂದೇ ಪಟ್ಟಿಗೆ ತಂದವನು ಈ ಯೋಗಾನಂದ. ಹೇರೋಹಳ್ಳಿಯಲ್ಲಿ ಕೆಮ್ಮಿದರೆ ಹೊಸಹಳ್ಳಿಯಲ್ಲಿ ಕಫ ಕಾಣುತ್ತಿತ್ತು, ನಂಬಿ!

"ಡಾಕ್ಟರು ಬರ್ಕೊಟ್ಟ ರಟ್ಟಿನ ಕಾರ್ಡ್ ಒಲೆಗೆ ಹಾಕಿ, ನಿಮ್ ಕಾಯಿಲೆ ಜಾತಕ ಎಲ್ಲಾ ಇದರಲ್ಲಿದೆ" ಎಂದು ರೋಗಿಗಳಿಗೆ ಸಾರಿದವನೂ ನಾನೇ.

ಯಂತ್ರ ಬಡಪಾಯಿ. ಹೆಸರು ಒಂಬತ್ತು ಸಾವಿರ ದಾಟಿದ್ದೇ ಎಮ್ಮೆಯಂತೆ ಮಲಗಿತು.

"ಒಂದು ಹೆಸರು ಹುಡುಕೋಷ್ಟರಲ್ಲಿ ಜ್ವರಾನೇ ಇಳಿದುಹೋಗುತ್ತೆ ಕಣಯ್ಯಾ," ಎಂದರು ಲಗ್ಗೆರೆಯ ಡಾಕ್ಟರ್ ಬಸವರಾಜೇಶ್ವರಿ.

"ನಾಳೆ ಕುದುರೆ ಮಾಡ್ತೀನಿ ಮೇಡಂ."

ಮಾಡಿದೆ. ಹೆಸರು, ವಯಸ್ಸು, ಫೋನ್ ನಂಬರು ಮೂರೂ ಒಂದೇ ಇದ್ದರೆ ಒಬ್ಬರೇ ಎಂದು ತೀರ್ಮಾನಿಸಿ, ಹೊಸದನ್ನು ಉಳಿಸಿ ಹಳೆಯದನ್ನು ಅಳಿಸಿದೆ. ಒಂದೇ ಮಧ್ಯಾಹ್ನಕ್ಕೆ ನಾನೂರು ದಾಖಲೆ ಮಾಯ!

ನನ್ನ ಬ್ರಹ್ಮಾಂಡ ತಲೆಗೆ ಹೊಳೆಯದ್ದು ಒಂದಿತ್ತು. ಲಗ್ಗೆರೆಯ ದೊಡ್ಡಣ್ಣನ ವಠಾರದಲ್ಲಿ ಹದಿನಾರು ಮನೆ, ಫೋನು ಮಾತ್ರ ಮಾಲೀಕನದೊಂದೇ. ಬಾಡಿಗೆಯವರೆಲ್ಲ ಅದೇ ನಂಬರು ಬರೆಸುತ್ತಿದ್ದರು. ವಯಸ್ಸು ಕೇಳಿದರೆ ಉತ್ತರ ಕರ್ನಾಟಕದಿಂದ ಬಂದ ಹೆಂಗಸರು "ನಲವತ್ತು ಬರ್ಕೋರಿ" ಎನ್ನುತ್ತಿದ್ದರು. ಅಲ್ಲಿ ಭಾಗವ್ವ ಇಬ್ಬರಿದ್ದರು, ಇಬ್ಬರಿಗೂ ನಲವತ್ತೇ.

ಗೂಳಪ್ಪನ ಹೆಂಡತಿ ಭಾಗವ್ವ ಗಂಟಲುನೋವೆಂದು ಬಂದಳು.

"ಯಾವ್ದಾದ್ರೂ ಇಂಜೆಕ್ಷನ್ ಆಗಲ್ವೇನಮ್ಮಾ?" ಡಾಕ್ಟರು ಕೇಳಿದರು.

ಹೆಚ್ಚು ಮಾತಾಡಲಾಗದೆ ಅವಳು ಕಂಪ್ಯೂಟರಿನತ್ತ ಕೈ ತೋರಿಸಿದಳು. "ಅದ್ರಾಗ ಐತ್ರಿ."

ಇವಳದನ್ನು ನಾನು ಅಳಿಸಿಯಾಗಿತ್ತು; ಅದರಲ್ಲಿ ಇದ್ದದ್ದು ಇನ್ನೊಬ್ಬ ಭಾಗವ್ವನ ಜಾತಕ: ಆರು ತಿಂಗಳ ಹಿಂದೆ ಪೆನಿಸಿಲಿನ್ ಕೊಟ್ಟಿದೆ, ತೊಂದರೆಯಿಲ್ಲ. ಡಾಕ್ಟರು ಚುಚ್ಚಿದರು. ಮುಖ ಊದಿತು, ಉಸಿರು ಕಟ್ಟಿತು. ಆಟೋ ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ ಭಾಗವ್ವ ಮುಗಿದಿದ್ದಳು.

ಮಣ್ಣು ಮಾಡಿ ಬಂದ ಗೂಳಪ್ಪ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತ. ದನಿ ಏರಿಸಲಿಲ್ಲ.

"ಹೊಸಹಳ್ಳಿ ಡಾಕ್ಟರು ಕಾರ್ಡಿನ್ಯಾಗ ಕೆಂಪು ಮಸೀಲೆ ಬರದಿದ್ರು ಸರ, ಪೆನಿಸಿಲಿನ್ ಬ್ಯಾಡ ಅಂತ. ನೀವು ಹೇಳಿದ್ರಿ ಅಂತ ಒಲೀಗೆ ಹಾಕಿದ್ವಿ."

ಅವನು ಹೋದ ಮೇಲೆ ಡಾಕ್ಟರು ಕೇಳಿದರು. "ಇಂಥವು ಎಷ್ಟಿವೆ?"

ಹುಟ್ಟಿದ ಮೇಲೆ ಮೊದಲ ಸಲ ಒಂದು ಲೆಕ್ಕ ಕಮ್ಮಿ ಮಾಡಿ ಹೇಳಬೇಕೆನ್ನಿಸಿತು. "ನಾನೂರು, ಮೇಡಂ."

ನೋಟ್‌ಬುಕ್ಕು ಹಿಡಿದು ಮನೆ ಮನೆ ಹೊರಟೆ. ದೊಡ್ಡಣ್ಣನ ವಠಾರದಲ್ಲಿ ಮೊದಲು ಬಾಗಿಲು ತೆರೆದವಳು ಉಳಿದ ಭಾಗವ್ವ.

"ನಿಮಗೆ ಯಾವ ಔಷಧಿ ಆಗಲ್ಲಮ್ಮಾ?"

"ನನಗೆಲ್ಲಾ ಒಗ್ಗತೈತಿ. ಪೆನಿಸಿಲಿನ್ ಒಗ್ಗದಿದ್ದದ್ದು ಬಾಜೂ ಮನಿ ಆಕೀಗೆ." ಆಮೇಲೆ ನನ್ನನ್ನೇ ದಿಟ್ಟಿಸಿದಳು. "ವಠಾರಕ್ಕೆಲ್ಲಾ ಗೊತ್ತಿತ್ತಲ್ಲೋ ತಮ್ಮಾ. ನಿನ್ನ ಪೆಟ್ಟಿಗಿಗಷ್ಟ ಗೊತ್ತಿದ್ದಿಲ್ಲೇನು?"