ಮುಂಬೈ ಮಾವಶಿಯ ಹಣೆ

ಬ್ರೇಕು ಬಿತ್ತು, ತೊಡೆಯ ಮೇಲಿನ ಚೌಕಟ್ಟು ಮುಂದಕ್ಕೆ ಜಾರಿತು, ಮಂದಾಕಿನಿ ಎರಡೂ ಕೈಯಿಂದ ತಬ್ಬಿ ಹಿಡಿದಳು, ರಟ್ಟು ಮುಚ್ಚಿ ಟವೆಲ್ಲು ಸುತ್ತಿದ್ದರೂ ಒತ್ತಬಾರದು, ಒತ್ತಿದರೆ ಒಳಗಿನ ಕೆಂಪು ಹರಡುತ್ತದೆ, ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕೆನ್ನೆಗೆ — ಅಕ್ಕೋರೆ ಎಂತದದು, ಕನ್ನಡಿಯಾ, ಒಡೆದ್ರೆ ನನ್ಮೇಲೆ ಹೇಳೂಕಿಲ್ಲ ಮತ್ತೆ, ಕಂಡಕ್ಟರು ಬಗ್ಗಿ ಕೇಳಿದ. ಫೋಟೋ, ಅಂದಳು. ಅವನ ದನಿ ಅಲ್ಲಿಗೇ ಇಳಿದುಹೋಯಿತು, ಹೆಂಗಸರ ಸೊನ್ನೆ ಟಿಕೆಟ್ಟನ್ನು ಪ್ರಸಾದದ ಹಾಗೆ ಮೆತ್ತಗೆ ಕೊಟ್ಟ, ಮನೆಯವ್ರದಾ, ಪಾಪ. ಇವನಿಗೂ ಅದೇ. ಅವರ್ಸಾದಿಂದ ಕಾರವಾರಕ್ಕೆ ಹೆಂಗಸೊಬ್ಬಳು ಫೋಟೋ ಹೊತ್ತು ಹೊರಟರೆ ಯಾರೋ ಸತ್ತಿರಲೇಬೇಕು, ಗೋಡೆಯ ಮೇಲೆ ಕಪ್ಪು ಬಿಳುಪಿನ ಮುಖ ಇದ್ದರೆ ಅದಕ್ಕೆ ತಿಥಿ ಇರಲೇಬೇಕು. ಎಷ್ಟು ವರ್ಷದಿಂದ ಹೇಳುತ್ತಿದ್ದಾಳೆ, ಇವು ಊರಿನ ಚಿತ್ರಗಳು, ಬೀದಿಯ ಚಿತ್ರಗಳು, ತೆಗೆದವರು ತಮ್ಮ ಕೈಯಿಂದ ಅಚ್ಚು ಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ ಹದಿನೈದರಲ್ಲಿ ನಾಲ್ಕನೆಯದು ಎಂದು ಬರೆದು ಸಹಿ ಮಾಡಿದ್ದಾರೆ, ಹದಿನೈದಾದ ಮೇಲೆ ಹದಿನಾರನೆಯದು ಇಲ್ಲವೇ ಇಲ್ಲ — ಯಾರ ಕಿವಿಗೆ ಹೋಯಿತು. ಅವಳ ಪಡಸಾಲೆಯಲ್ಲಿ ಸತ್ತವನು ಒಬ್ಬನೇ, ಅವಳ ಗಂಡ, ಅವನು ಬಣ್ಣದಲ್ಲಿದ್ದಾನೆ, ಸ್ಟುಡಿಯೋದವನು ಹಿಂದೆ ನೀಲಿ ಆಕಾಶ ಕೂರಿಸಿ ತುಟಿಗೂ ಗುಲಾಬಿ ಬಳಿದು ಕೊಟ್ಟಿದ್ದಾನೆ, ಸುತ್ತ ಮಿಣುಕು ದೀಪದ ಸರ. ಕಪ್ಪು ಬಿಳುಪಿನಲ್ಲಿರುವವರೆಲ್ಲ ಬದುಕಿದವರು, ಹೌರಾದ ಸೇತುವೆಯ ಮೇಲೆ ಓಡುವವರು, ಹೈದರಾಬಾದಿನ ಗಲ್ಲಿಯಲ್ಲಿ ಗಾಳಿಪಟ ಬಿಡುವವರು, ಮತ್ತೆ ಇವಳು, ಈಗ ಟವೆಲ್ಲಿನೊಳಗಿರುವವಳು, ಮುಂಬಯಿಯ ಭಾಯ್ಖಳಾದಲ್ಲಿ ಅರ್ಧ ಎಳೆದ ಶಟರಿನ ಕೆಳಗೆ ಮಳೆ ನಿಲ್ಲಲಿ ಎಂದು ಕಾಯುತ್ತಿರುವವಳು, ಬೋಳು ಹಣೆ, ಆ ಹಣೆಯ ಮೇಲೆ ಬೀದಿದೀಪದ ಬೆಳಕು ಎಷ್ಟು ಚೆಂದಕ್ಕೆ ಕೂತಿತ್ತು, ಅಕ್ಕಿ ತೊಳೆದ ನೀರಿನ ಬಣ್ಣ, ಅದರ ಮೇಲೀಗ ಕುಂಕುಮ.

ಗಾಜು ತೆಗೆದದ್ದೇ ತಪ್ಪಾಯಿತು, ಆದರೆ ತೆಗೆಯದೆ ಏನು ಮಾಡುತ್ತಾಳೆ, ಈ ಕಡಲ ಗಾಳಿಗೆ ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನೊಳಗೆ ಬೆವರು, ಬೆವರಿನ ಹಿಂದೆ ಬೂಷ್ಟು, ಅದಕ್ಕೇ ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ಗಾಜು ಬಿಚ್ಚಿ ನೆರಳಲ್ಲಿ ಗಾಳಿಗೆ ಬಿಡುತ್ತಾಳೆ, ಹಪ್ಪಳ ಒಣಗಿಸಿದ ಹಾಗೆ, ನೋಡಿದವರು ನಗುತ್ತಾರೆ, ನಗಲಿ, ಈ ಸಲ ಬಿಚ್ಚಿದ ಗಾಜು ಇನ್ನೂ ಹಾಕಿರಲಿಲ್ಲ. ಕಾರವಾರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು, ಈಗ ಎಲ್ಲ ಕಂಪ್ಯೂಟರಿಗೆ ಬಂದಿದೆ, ಮೊದಲು ಕತ್ತಲೆ ಕೋಣೆಯಲ್ಲಿ ಕೆಂಪು ದೀಪದಡಿ ಫಿಲ್ಮು ತೊಳೆಯುತ್ತಿದ್ದಳು, ಬೇರೆ ಯಾವ ಬೆಳಕು ಬಿದ್ದರೂ ಫಿಲ್ಮು ಹಾಳು, ಕೆಂಪೊಂದೇ ಏನೂ ಮಾಡುತ್ತಿರಲಿಲ್ಲ, ಆ ಕೆಂಪಿನಲ್ಲಿ ನಿಂತೇ ಬೂದು ಬಣ್ಣಕ್ಕೆ ಎಷ್ಟು ಮೆಟ್ಟಿಲು ಅಂತ ಕಲಿತದ್ದು. ಗಂಡ ಗೋವಾದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಒಳಗೆ ಬಿಡದ ಒಂದು ಮಧ್ಯಾಹ್ನ, ಬಿಸಿಲು ತಾಳಲಾರದೆ ಪಣಜಿಯ ಪ್ರದರ್ಶನವೊಂದಕ್ಕೆ ಹೊಕ್ಕಳು, ಅಲ್ಲಿ ಇವಳಿದ್ದಳು, ಕಾಯುತ್ತ. ಕಾಯುವವಳಿಗೆ ಕಾಯುವವಳು ಸಿಕ್ಕಳು, ಕೊಂಡು ಮನೆಗೆ ತಂದಳು. ಮಗಳು ವಿಜೇತಾ ಆಗ ಸಣ್ಣ ಹುಡುಗಿ, ಅವಳೇ ಹೆಸರಿಟ್ಟದ್ದು, ಮುಂಬೈ ಮಾವಶಿ, ಮುಂಬೈಯ ಚಿಕ್ಕಮ್ಮ, ಭೂತಗನ್ನಡಿ ಹಿಡಿದು ಮಾವಶಿಯ ಬಳೆ ಎಣಿಸುತ್ತಿದ್ದಳು, ಅಮ್ಮಾ ಮಾವಶಿಗೆ ಮಳೆ ಯಾವಾಗ ನಿಲ್ತದೆ.

ಅದೇ ವಿಜೇತಾಗೆ ಇವತ್ತು ಚಿತ್ತಾಕುಲದಿಂದ ಗಂಡಿನ ಕಡೆಯವರು ಬಂದದ್ದು. ರಾಮಾ ಭಾವ, ಗಂಡನ ಅಣ್ಣ, ವಾರದಿಂದ ಒಂದೇ ರಾಗ, ತಂಗೀ ಆ ಸೂತಕದ ಫೋಟೋ ಎಲ್ಲ ತೆಗೆದು ಅಟ್ಟಕ್ಕೆ ಹಾಕೇ, ನೋಡೂಕೆ ಬಂದವ್ರು ಏನ ತಿಳ್ಕಂತ್ರು, ಬೇಕಾದ್ರೆ ಅಂಕೋಲೆ ಪೇಟೆಯಿಂದ ನಾನೇ ಒಂದು ಜಲಪಾತದ್ದು ತಂದ್ಕೊಡ್ತೆ, ಬಾತುಕೋಳಿ ಇರೂದು. ತೆಗೆಯಲಿಲ್ಲ. ತೆಗೆಯುವುದಿಲ್ಲ ಅಂದಳು, ಅಷ್ಟೇ. ಬಂದರು, ಅವಲಕ್ಕಿ ತಿಂದರು, ಹುಡುಗನ ತಾಯಿ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿ, ಇವ್ರೆಲ್ಲ ಯಾರು ಬಾಯೀ, ಮಂದಾಕಿನಿ ಬಾಯಿ ತೆರೆಯುವ ಮೊದಲೇ ಭಾವನ ಹೆಂಡತಿ ಶೇವಂತಕ್ಕ, ನಮ್ಮ ಹಿರೀರು, ಮುಂಬೈಲಿದ್ದವ್ರು, ಈ ಅಜ್ಜಿ ಭಾಳ ದೊಡ್ಡ ಮುತ್ತೈದೆ, ಗಂಡ ಇರೂವಾಗ್ಲೇ ಹೋದವ್ಳು. ಎಷ್ಟು ಸಲೀಸಾಗಿ ಸುಳ್ಳು. ಭಾಯ್ಖಳಾದಲ್ಲಿ ನಿಂತ ಹೆಂಗಸನ್ನು ಕೊಂದಳು, ಮನೆತನಕ್ಕೆ ಸೇರಿಸಿದಳು, ಇಲ್ಲದ ಗಂಡನನ್ನೂ ಕೊಟ್ಟಳು, ಹುಡುಗನ ತಾಯಿ ಎದ್ದು ಕೈಮುಗಿದಳು. ಮಗಳ ಮದುವೆಯ ಮಾತು, ಚಹಾ ಆರುತ್ತಿತ್ತು, ಮಂದಾಕಿನಿ ಲೋಟಗಳನ್ನು ಅವರ ಮುಂದೆ ಸರಿಸಿದಳು. ಮಾತು ಕುದುರಿತು, ಬರುವ ತಿಂಗಳು ನಿಶ್ಚಯ ಅಂದರು, ಹೊರಡುವಾಗ ಕುಂಕುಮದ ಬಟ್ಟಲು ಬಂತು, ಶೇವಂತಕ್ಕ ಬಟ್ಟಲನ್ನು ವಿಜೇತಾನ ಕೈಗೇ ಇಟ್ಟಳು, ಹಚ್ಚು ಮಗಾ ಎಲ್ಲರಿಗೂ. ಹುಡುಗನ ತಾಯಿಗೆ ಹಚ್ಚಿದಳು, ಅವಳ ತಂಗಿಗೆ, ಶೇವಂತಕ್ಕನಿಗೆ, ಪಕ್ಕದ ಮನೆಯ ಗಾಯತ್ರಿಗೆ, ಗಾಯತ್ರಿಯ ಪಕ್ಕದಲ್ಲಿ ನಿಂತವಳು ತಾನೇ —

ಬಿಣಗಾ ದಾಟಿ ಬಸ್ಸು ಸುರಂಗಕ್ಕೆ ಹೊಕ್ಕಿತು, ಕಿಟಕಿ ಕನ್ನಡಿಯಾಯಿತು, ಅದರಲ್ಲಿ ಅವಳ ಮುಖ, ಗಾಜಿನ ಮೇಲೆ ಯಾರೋ ಅಂಟಿಸಿ ಹೋದ ಹಳೆಯ ಸ್ಟಿಕ್ಕರು ಬೊಟ್ಟು. ತಾನೂ ಹೀಗೆ ಎಷ್ಟು ಅಂಟಿಸಿದ್ದಾಳೆ, ಆಸ್ಪತ್ರೆಗೆ ಹೋಗುವಾಗ ಹಣೆಗೊಂದು, ಸಂಜೆ ಅಮದಳ್ಳಿ ದಾಟಿದ ಮೇಲೆ ತೆಗೆದು ಕಿಟಕಿಗೆ, ಊರಿನವರ ಕಣ್ಣಿಗೆ ಬೀಳುವ ಮೊದಲು, ಕಳ್ಳಿಯ ಹಾಗೆ, ತನ್ನ ಹಣೆಯಿಂದ ತಾನೇ ಕದ್ದು. ಒಂದು ಬೆರಳಷ್ಟು ಬಗ್ಗಿದರೆ ಆ ಬೊಟ್ಟು ಕಿಟಕಿಯ ಮುಖದ ಹಣೆಗೆ ಸರಿಯಾಗಿ ಕೂರುತ್ತಿತ್ತು. ಬಗ್ಗಲಿಲ್ಲ. ಯಾಕೆ ಬಗ್ಗಬೇಕು. ಮಗಳನ್ನು ಒಬ್ಬಳೇ ಓದಿಸಿದ್ದು, ರಾತ್ರಿಪಾಳಿ ಮಾಡಿದ್ದು, ಇವತ್ತಿನ ಅವಲಕ್ಕಿ ಒಗ್ಗರಣೆ ಹಾಕಿದ್ದು ಈ ಕೈ, ಅದಕ್ಕೆಲ್ಲ ಶಕುನ ಬೇಕಾಗಲಿಲ್ಲ. ಗಾಯತ್ರಿಯಾದ ಮೇಲೆ ಮಗಳು ಎದುರಿಗೆ ಬಂದಳಲ್ಲ, ಉಂಗುರ ಬೆರಳನ್ನು ಬಟ್ಟಲಿಗೆ ಅದ್ದಿ ಎತ್ತಿದಳಲ್ಲ, ರೂಢಿಯ ಭರದಲ್ಲಿ ಎತ್ತಿದ್ದೋ ಮನಸ್ಸಿನಿಂದಲೇ ಎತ್ತಿದ್ದೋ, ಆಗ ಶೇವಂತಕ್ಕ ಕೆಮ್ಮಿ, ಹಿರೀರಿಗೆ ಮಗಾ, ಅಲ್ಲಿ ಅಜ್ಜಿಗೆ ಹಚ್ಚು ಅಜ್ಜಿಗೆ — ಬೆರಳು ತಿರುಗಿತು. ಮಾವಶಿಯ ಬಳೆ ಎಣಿಸಿದ ಹುಡುಗಿ, ಅದು ಮಳೆ ನಿಲ್ಲಲೆಂದು ಕಾಯುವವಳು ಅಂತ ಆ ಮನೆಯಲ್ಲಿ ಗೊತ್ತಿದ್ದ ಇನ್ನೊಬ್ಬಳೇ ಒಬ್ಬಳು, ಗಾಜಿಲ್ಲದ ಕಾಗದಕ್ಕೆ ಒತ್ತಿಬಿಟ್ಟಳು. ಅವರು ಗೇಟು ದಾಟಿದ ಮೇಲೆ ಗೋಡೆಯಿಂದ ಇಳಿಸುತ್ತಿರುವಾಗ ಹಿಂದೆ ಬಂದು ನಿಂತು, ಅಮ್ಮಾ ಬರೀ ಫೋಟೋ ಅಲ್ವೇ ಅದು, ಯಾಕೆ ಅಷ್ಟು. ಬರೀ ಫೋಟೋ. ಬರೀ ಫೋಟೋಕ್ಕೆ ಸಿಕ್ಕಿತು, ನಿನ್ನನ್ನು ಹೆತ್ತವಳಿಗೆ ಸಿಗಲಿಲ್ಲ, ಇದನ್ನು ಹೇಳಬೇಕಿತ್ತು, ಹೇಳಿದ್ದು ಟವೆಲ್ಲು ಎಲ್ಲಿ ಅಂತ ಮಾತ್ರ.

ಕಾರವಾರದಲ್ಲಿ ಭಾನುವಾರದ ಸಂತೆ, ಮೆಣಸಿನ ರಾಶಿ, ಒಣಮೀನು, ಜನರ ಮೊಣಕೈ, ಚೌಕಟ್ಟನ್ನು ಎದೆಗೆ ಒತ್ತಿಕೊಳ್ಳಲೂ ಆಗದೆ ದೂರ ಹಿಡಿದು ನಡೆದಳು. ಫ್ರೇಮಿನ ಅಂಗಡಿಯ ಪುಟ್ಟು ದೇವರ ಫೋಟೋಗಳ ನಡುವೆ ಮೇಜು ಖಾಲಿ ಮಾಡಿದ, ರಟ್ಟು ಎತ್ತಿದ, ಅಯ್ಯೋ ಅಕ್ಕಾ, ಯಾರು ಮಾಡಿದ್ರು ಇದ್ನ. ಯಾರೋ. ಒಣ ಹತ್ತಿಲಿ ಮೆಲ್ಲ ತೆಗೀತೆ, ಹೋದ್ರೆ ಹೋಯ್ತು, ಒಂಚೂರು ಗುಲಾಬಿ ಉಳೀಬಹುದು. ಹತ್ತಿ ಸುರುಳಿ ಸುತ್ತಿ ಬಗ್ಗಿದ. ಮಂದಾಕಿನಿಯೂ ಬಗ್ಗಿದಳು, ಟ್ಯೂಬಿನ ಬೆಳಕಲ್ಲಿ ಈಗಲೇ ಸರಿಯಾಗಿ ನೋಡಿದ್ದು, ಬೊಟ್ಟು ಗುಂಡಗಿಲ್ಲ, ಹುಬ್ಬಿನ ನಡುವೆ ಇಲ್ಲ, ಹಣೆಯ ಮೇಲ್ತುದಿಗೆ ತಾಗಿ ಕೆಳಗೆ ಎಳೆದು ನಡುಗಿದೆ, ಹುಡುಗನ ತಾಯಿಗೆ ಅಷ್ಟು ನೆಟ್ಟಗೆ ಹಚ್ಚಿದ ಬೆರಳು ಇಲ್ಲಿ ನಡುಗಿದೆ, ಒಳಗೆ ಚರ್ಮದ ಗೆರೆಗಳು, ಎಕ್ಸ್‌ರೇ ಕಣ್ಣು ಅವಳದು, ಕಾಣುತ್ತದೆ, ಸುಳಿ ಸುಳಿಯಾಗಿ ಮಗಳ ಬೆರಳು. ಇದು ಅಜ್ಜಿಗೆ ತೆಗೆದ ಕುಂಕುಮವಲ್ಲ, ತನಗೆ ತೆಗೆದದ್ದು. ತಡಿ ಪುಟ್ಟು. ಎಂತಾಯ್ತು ಅಕ್ಕಾ. ಒರೆಸೂದು ಬೇಡ, ಗಾಜು ಹಾಕು. ಇದ್ರ ಮೇಲೇಯಾ, ಹಾಳಾದ್ದು ಹಾಂಗೇ ಉಳೀತದಲ್ಲ. ಉಳೀಲಿ. ನಿಶ್ಚಯದ ದಿನ ಬಾಗಿಲಿಗೆ ಎದುರಾಗಿ ಕಟ್ಟುತ್ತಾಳೆ, ಯಾರು ಯಾರಿಗೆ ಕೈಮುಗಿಯುತ್ತಾರೋ ಮುಗಿಯಲಿ, ಇವಳು ಯಾರ ಅಜ್ಜಿಯೂ ಅಲ್ಲ ಎಂದು ಹುಡುಗನ ತಾಯಿಗೆ ತಾನೇ ಹೇಳುತ್ತಾಳೆ, ಶೇವಂತಕ್ಕ ಕೆಮ್ಮಲಿ, ಕೆಮ್ಮಿ ಕೆಮ್ಮಿ ಗಂಟಲು ಹರಿಯಲಿ, ತಾನು ಅದರ ಕೆಳಗೇ ನಿಲ್ಲುತ್ತಾಳೆ, ಬೋಳು ಹಣೆ ಎತ್ತಿಕೊಂಡು, ಬಟ್ಟಲು ಮತ್ತೆ ಬರುತ್ತದೆ, ಗಾಯತ್ರಿಯಾದ ಮೇಲೆ ತಾನೇ, ವಿಜೇತಾ ಎದುರಿಗೆ ಬರುತ್ತಾಳೆ, ಬೆರಳು ಅದ್ದುತ್ತಾಳೆ, ಎತ್ತುತ್ತಾಳೆ, ಆಮೇಲೆ — ಪುಟ್ಟು ಗಾಜು ಒರೆಸುತ್ತಿದ್ದ, ಆಮೇಲೆ — ಅವಳ ಕಣ್ಣ ಮುಂದೆ ಬೆರಳು ಮೇಲೆ ಬಂತು, ತುದಿಯಲ್ಲಿ ಕೆಂಪು, ಹಣೆಗೆ ಇನ್ನೊಂದು ಗೇಣು, ಅಲ್ಲೇ ನಿಂತಿತು, ಅದರಾಚೆ ಅವಳಿಗೆ ಕಾಣಲಿಲ್ಲ, ಆ ಬೆರಳು, ಕೆಂಪು.